ಹೊಗೆ ಹೆಚ್ಚಿದರೆ ಶಕ್ತಿ ಹೆಚ್ಚೇ?



ಡೀಸೆಲ್ ಪಂಪಿನ ಸ್ಕ್ರೂ ಸ್ವಲ್ಪ ತಿರುಗಿಸಿದರೆ ಎಂಜಿನ್ನಿಗೆ ಹೆಚ್ಚು ಬಲ ಬರುತ್ತದೆ ಎಂಬ ನಂಬಿಕೆ ಅನೇಕರಲ್ಲಿದೆ. ಕಪ್ಪು ಹೊಗೆ ದಟ್ಟವಾಗಿ ಬಂದರೆ ಎಂಜಿನ್ ಜೋರಾಗಿದೆ ಎಂದು ಸಂತೋಷಪಡುವವರೂ ಉಂಟು. ಆದರೆ ಬಲ ಎಷ್ಟು ಹೆಚ್ಚಿತೆಂದು ಅಳೆದು ನೋಡುವವರು ವಿರಳ.

ಅಮೆರಿಕದಲ್ಲಿ ಡೀಸೆಲ್ ಪಿಕಪ್ ಗಾಡಿಗಳ ಮಾಲೀಕರು ಇದನ್ನು ಅಳೆಯಲೆಂದೇ ಒಂದೆಡೆ ಸೇರುವುದುಂಟು. ಈ ಸ್ನೇಹಕೂಟಕ್ಕೆ ‘ಡೈನೊ ಡೇ’ ಎನ್ನುತ್ತಾರೆ. ಹುಲ್ಲಿನ ಹೊರೆ, ದನಗಳ ಟ್ರೇಲರ್ ಎಳೆಯಲು ಅಲ್ಲಿನ ರೈತರು ಬಳಸುವ ಗಾಡಿಗಳಿವು. 1989ರ ಮಾದರಿಯ ಡಾಡ್ಜ್ ಪಿಕಪ್ಪಿನಲ್ಲಿ 5.9 ಲೀಟರಿನ, ಆರು ಸಿಲಿಂಡರಿನ ಕಮಿನ್ಸ್ ಟರ್ಬೊ ಡೀಸೆಲ್ ಎಂಜಿನ್ ಬಂದಿತು. ಅದರ ಶಕ್ತಿ 160 ಅಶ್ವಶಕ್ತಿ. ಇಂಥ ಎಂಜಿನ್ನುಗಳಿಗೆ ದೊಡ್ಡ ನಾಜಲ್, ದೊಡ್ಡ ಟರ್ಬೊ ಜೋಡಿಸಿ ಶಕ್ತಿ ಹೆಚ್ಚಿಸುವುದು ಅಲ್ಲಿ ಹಲವರ ಹವ್ಯಾಸ.

ಅಳೆಯುವ ಸಾಧನವೇ ಡೈನಮೋಮೀಟರ್. ನೆಲಮಟ್ಟದಲ್ಲಿ ಭಾರವಾದ ಉರುಳೆಗಳಿರುತ್ತವೆ. ಗಾಡಿಯ ಹಿಂಚಕ್ರಗಳನ್ನು ಅವುಗಳ ಮೇಲೆ ನಿಲ್ಲಿಸಿ, ಗಾಡಿಯನ್ನು ಪಟ್ಟಿಗಳಿಂದ ಬಿಗಿಯಾಗಿ ಕಟ್ಟುತ್ತಾರೆ. ಮುಂದೆ ದೊಡ್ಡ ಫ್ಯಾನ್ ಇಡುತ್ತಾರೆ. ಪಟ್ಟಿ ಹರಿದರೆ ಅಪಾಯವಾದ್ದರಿಂದ ಗಾಡಿಯ ಹಿಂದೆ ಮುಂದೆ ಯಾರೂ ನಿಲ್ಲಬಾರದು. ಚಾಲಕ ಆಕ್ಸಿಲರೇಟರ್ ಪೂರ್ತಿ ಒತ್ತಿದಾಗ ಚಕ್ರಗಳು ಉರುಳೆಗಳನ್ನು ತಿರುಗಿಸುತ್ತವೆ. ತಿರುಗಿಸುವ ಬಲ ಹಾಗೂ ವೇಗ ಎರಡನ್ನೂ ಗುಣಿಸಿ ಲೆಕ್ಕ ಹಾಕಿದರೆ ಶಕ್ತಿ ತಿಳಿಯುತ್ತದೆ. ಉದಾಹರಣೆಗೆ, ನಿಮಿಷಕ್ಕೆ 2,000 ಸುತ್ತಿನಲ್ಲಿ 500 ನ್ಯೂಟನ್ ಮೀಟರ್ ಬಲವಿದ್ದರೆ ಅದು ಸುಮಾರು 105 ಕಿಲೋವ್ಯಾಟ್, ಅಂದರೆ ಸುಮಾರು 140 ಅಶ್ವಶಕ್ತಿ. ಗೇರು, ಆಕ್ಸಲ್ ಮತ್ತು ಟೈರುಗಳಲ್ಲಿ ಸ್ವಲ್ಪ ಶಕ್ತಿ ವ್ಯಯವಾಗುವುದರಿಂದ ಚಕ್ರದಲ್ಲಿ ದೊರೆಯುವ ಅಂಕಿ ಎಂಜಿನ್ನಿನ ಅಂಕಿಗಿಂತ ಕಡಿಮೆಯೇ ಇರುತ್ತದೆ.

ಉರುಳೆಯ ಮೇಲೆ ಬಡಾಯಿ ನಡೆಯುವುದಿಲ್ಲ. ಹೆಚ್ಚು ಹೊಗೆ ಉಗುಳುವ ಗಾಡಿ ಹೆಚ್ಚು ಶಕ್ತಿ ತೋರಿಸಲೇಬೇಕೆಂದಿಲ್ಲ. ಒಂದು ಕಿಲೋ ಡೀಸೆಲ್ ಪೂರ್ತಿ ಉರಿಯಲು ಕನಿಷ್ಠ ಹದಿನಾಲ್ಕೂವರೆ ಕಿಲೋ ಗಾಳಿ ಬೇಕು. ಎಂಜಿನ್ನಿನಲ್ಲಿ ಇದಕ್ಕಿಂತ ಹೆಚ್ಚೇ ಇರಬೇಕಾಗುತ್ತದೆ. ಗಾಳಿ ಹೆಚ್ಚಿಸದೆ ಡೀಸೆಲ್ ಮಾತ್ರ ಹೆಚ್ಚಿಸಿದರೆ ಅದು ಸರಿಯಾಗಿ ಉರಿಯದೆ ಮಸಿಯಾಗುತ್ತದೆ. ಕಪ್ಪು ಹೊಗೆಯೆಂದರೆ ರೈತನು ಕಾಸು ಕೊಟ್ಟು ಕೊಂಡ ಡೀಸೆಲ್ಲೇ. ಜೊತೆಗೆ ಎಂಜಿನ್ನಿನ ಕಾವು ಏರುತ್ತದೆ. ಅಲ್ಯೂಮಿನಿಯಂ 660 ಡಿಗ್ರಿ ಸೆಲ್ಸಿಯಸ್‌ನಲ್ಲಿ ಕರಗುವ ಲೋಹ. ಪಿಸ್ಟನ್ನುಗಳು ಸಾಮಾನ್ಯವಾಗಿ ಅಲ್ಯೂಮಿನಿಯಂ ಮಿಶ್ರಲೋಹದವು. ಆದ್ದರಿಂದಲೇ ಅಲ್ಲಿನ ತಿಳಿದ ಮಾಲೀಕರು ಹೊಗೆಯ ಕಾವು ತೋರಿಸುವ ಮಾಪಕವನ್ನು ಕೂರಿಸಿಕೊಳ್ಳುತ್ತಾರೆ. ಉರುಳೆಯ ಮೇಲಿನ ಓಟ ಕೆಲವೇ ಸೆಕೆಂಡುಗಳದು. ಉಳುಮೆ ಗಂಟೆಗಟ್ಟಲೆ ನಡೆಯುವಂಥದು. ಹೊಗೆ ಶುದ್ಧಿಮಾಡುವ ಸಾಧನಗಳನ್ನು ಕಿತ್ತುಹಾಕುವುದು ಅಮೆರಿಕದ ಕಾನೂನಿನಲ್ಲಿ ನಿಷಿದ್ಧವೂ ಹೌದು.

ಅಳೆದು ಕೊಳ್ಳುವ ಪದ್ಧತಿ ರೈತರಿಗೆ ಹೊಸತೇನಲ್ಲ. ಮಾರಾಟಗಾರರ ಮಾತು ನಂಬಿ ಮೋಸಹೋಗದಿರಲೆಂದು ಅಮೆರಿಕದ ನೆಬ್ರಾಸ್ಕ ರಾಜ್ಯವು 1919ರಲ್ಲಿ ಟ್ರ್ಯಾಕ್ಟರ್ ಪರೀಕ್ಷಾ ಕಾನೂನು ಮಾಡಿತು; 1920ರಲ್ಲಿ ಪರೀಕ್ಷೆಗಳು ಆರಂಭವಾದವು. ನಮ್ಮ ದೇಶದಲ್ಲಿ ಮಧ್ಯಪ್ರದೇಶದ ಬುದ್ನಿಯಲ್ಲಿ 1955ರಲ್ಲಿ ಸ್ಥಾಪನೆಯಾದ ಕೇಂದ್ರವು ಟ್ರ್ಯಾಕ್ಟರುಗಳನ್ನು ಡೈನಮೋಮೀಟರಿಗೆ ಜೋಡಿಸಿ ಪರೀಕ್ಷಿಸುತ್ತದೆ.

ರೈತರು ಗಮನಿಸಬೇಕಾದ ಅಂಶಗಳು ಇವು:

1. ಟ್ರ್ಯಾಕ್ಟರ್ ಕೊಳ್ಳುವ ಮುನ್ನ ಅದರ ಪರೀಕ್ಷಾ ವರದಿಯನ್ನು ಕೇಳಿ ನೋಡಬೇಕು.

2. ಕಪ್ಪು ಹೊಗೆ ಕಂಡರೆ ಮೊದಲು ಏರ್ ಕ್ಲೀನರ್ ಶುಚಿಗೊಳಿಸಬೇಕು; ನಂತರ ನಾಜಲ್ ಪರೀಕ್ಷೆ ಮಾಡಿಸಬೇಕು. ನೇಗಿಲಿನ ಆಳ ಹೆಚ್ಚಾಗಿ ಎಂಜಿನ್ನಿಗೆ ಭಾರ ಮೀರಿದೆಯೇ ಎಂಬುದನ್ನೂ ನೋಡಬೇಕು.

3. ಪಂಪಿನ ಸೀಲನ್ನು ಒಡೆಯಬಾರದು. ಪಂಪನ್ನು ಪರೀಕ್ಷಾ ಯಂತ್ರವಿರುವ ಕಾರ್ಯಾಗಾರದಲ್ಲಿಯೇ ಹೊಂದಿಸಬೇಕು.

ಉಳುಮೆಯ ಹಂಗಾಮಿನಲ್ಲಿ ಎಂಜಿನ್ ಕೆಟ್ಟು ನಿಂತರೆ ರಿಪೇರಿಯ ಖರ್ಚು ಒಂದೆಡೆ, ಕೈತಪ್ಪಿದ ಹದ ಇನ್ನೊಂದೆಡೆ. ಹೋದ ಹದ ಹಣ ಕೊಟ್ಟರೂ ಮರಳಿ ಬಾರದು.