ಕಾರ್ಮಿಕ ಕಾನೂನು: ನಮ್ಮ ಮಕ್ಕಳು ಕಾಲಿಡಬೇಕಾದ ವೃತ್ತಿ

(ಸಂಘದ ವಾರ್ಷಿಕ ವಿದ್ಯಾರ್ಥಿ ಸಮಾವೇಶದಲ್ಲಿ ಮಾಡಿದ ಭಾಷಣದ ಬರಹರೂಪ)



ಡಾಕ್ಟರ್, ಇಂಜಿನಿಯರ್, ಎರಡೂ ಆಗದಿದ್ದರೆ ಗಲ್ಫ್. ನಮ್ಮ ಮನೆಗಳಲ್ಲಿ ಮಕ್ಕಳ ಭವಿಷ್ಯದ ಚರ್ಚೆ ಸಾಮಾನ್ಯವಾಗಿ ಈ ಮೂರರಲ್ಲೇ ಮುಗಿಯುತ್ತದೆ. ವಕೀಲಿ ಎಂದರೆ ಕೋರ್ಟಿನ ಜಗಲಿಯಲ್ಲಿ ಕಕ್ಷಿದಾರನಿಗಾಗಿ ಕಾಯುವ ಕೆಲಸ ಎಂಬ ಭಾವನೆ ಇನ್ನೂ ಇದೆ. ಇಂದು ನಾನು ಆ ವೃತ್ತಿಯ ಒಂದು ಕವಲಿನ ಬಗ್ಗೆ ಮಾತನಾಡುತ್ತೇನೆ. ಅದು ಕಾರ್ಮಿಕ ಮತ್ತು ಉದ್ಯೋಗ ಕಾನೂನು. ಬೆಂಗಳೂರಿನ ದೊಡ್ಡ ಲಾ ಫರ್ಮ್‌ಗಳಲ್ಲಿ ಇದಕ್ಕೆಂದೇ ಪ್ರತ್ಯೇಕ ವಿಭಾಗಗಳಿವೆ.

ಈ ಕಾನೂನು ನಮಗೆ ಹೊಸದೇನಲ್ಲ. ಕರಾವಳಿಯಲ್ಲಿ ಎಷ್ಟೋ ಮಕ್ಕಳ ಶಾಲೆಯ ಫೀಸು ತಾಯಿ ಕಟ್ಟಿದ ಬೀಡಿಯಿಂದ ಬಂದಿದೆ. ಮನೆಯಲ್ಲೇ ಕುಳಿತು ಬೀಡಿ ಕಟ್ಟುವವರನ್ನೂ ಕಾರ್ಮಿಕರೆಂದು ಗುರುತಿಸಿದ್ದು 1966ರ ಬೀಡಿ ಮತ್ತು ಸಿಗಾರ್ ಕಾರ್ಮಿಕರ ಕಾಯ್ದೆ. ಅದನ್ನು ಪ್ರಶ್ನಿಸಿದ್ದ ಮಂಗಳೂರು ಗಣೇಶ ಬೀಡಿ ವರ್ಕ್ಸ್ ಪ್ರಕರಣದಲ್ಲಿ 1974ರಲ್ಲಿ ಸುಪ್ರೀಂ ಕೋರ್ಟು ಕಾಯ್ದೆಯನ್ನು ಎತ್ತಿಹಿಡಿಯಿತು. ದೇಶಕ್ಕೆಲ್ಲ ಅನ್ವಯವಾಗುವ ತೀರ್ಪೊಂದು ನಮ್ಮ ಮನೆಯ ಮೊರದ ಮೇಲಿನ ಬೀಡಿಯ ಬಗ್ಗೆಯೇ ಬಂತು. ಅದನ್ನು ಓದಿ ಅರ್ಥ ಮಾಡಿಕೊಳ್ಳುವವರು ನಮ್ಮ ಮನೆಗಳಿಂದಲೂ ಬರಬೇಡವೇ?

ಈಗ ಇದಕ್ಕೆ ಸಕಾಲ. 2025ರ ನವೆಂಬರ್ 21ರಂದು ಕೇಂದ್ರ ಸರಕಾರವು ನಾಲ್ಕು ಕಾರ್ಮಿಕ ಸಂಹಿತೆಗಳನ್ನು ಜಾರಿಗೊಳಿಸಿತು. 29 ಹಳೆಯ ಕಾನೂನುಗಳ ಜಾಗಕ್ಕೆ ಅವು ಬಂದವು. ವೇತನ ಎಂಬ ಪದದ ವ್ಯಾಖ್ಯೆಯೇ ಬದಲಾಯಿತು. ನಿಗದಿತ ಅವಧಿಗೆ ನೇಮಕಗೊಂಡವರಿಗೆ ಒಂದು ವರ್ಷದ ಸೇವೆಗೇ ಗ್ರಾಚ್ಯುಟಿಯ ಹಕ್ಕು ಬಂತು. ಅದೇ ವರ್ಷ ಕರ್ನಾಟಕವು ಆ್ಯಪ್ ಮೂಲಕ ದುಡಿಯುವ ಗಿಗ್ ಕಾರ್ಮಿಕರಿಗಾಗಿ ಪ್ರತ್ಯೇಕ ಕಾಯ್ದೆ ಮಾಡಿತು. ಇಪ್ಪತ್ತು ವರ್ಷ ಅನುಭವವಿರುವ ವಕೀಲರೂ ಈಗ ಹೊಸ ಪುಸ್ತಕ ತೆರೆದು ಕುಳಿತಿದ್ದಾರೆ. ಹಿರಿಯನೂ ಕಿರಿಯನೂ ಒಂದೇ ಪುಟದಲ್ಲಿರುವ ಇಂತಹ ಅವಕಾಶ ಪದೇ ಪದೇ ಬರುವುದಿಲ್ಲ.

ದೊಡ್ಡ ಫರ್ಮ್‌ನಲ್ಲಿ ಈ ವಕೀಲರು ಮಾಡುವುದೇನು? ನೇಮಕಾತಿ ಕರಾರು ಬರೆಯುವುದು, ಒಂದು ಕಂಪನಿ ಇನ್ನೊಂದನ್ನು ಕೊಳ್ಳುವಾಗ ನೌಕರರ ಭವಿಷ್ಯನಿಧಿ ಬಾಕಿ ಇದೆಯೇ ಎಂದು ಪರಿಶೀಲಿಸುವುದು, 2013ರ ಕಾಯ್ದೆಯಂತೆ ಲೈಂಗಿಕ ಕಿರುಕುಳದ ದೂರು ವಿಚಾರಿಸುವ ಆಂತರಿಕ ಸಮಿತಿಗೆ ಮಾರ್ಗದರ್ಶನ ಮಾಡುವುದು, ಕೆಲಸದಿಂದ ತೆಗೆಯುವಾಗ ಸಲಹೆ ಕೊಡುವುದು. ಸಿನಿಮಾದ ವಕೀಲರಂತೆ ಗುಡುಗುವ ಸಂದರ್ಭ ಕಡಿಮೆ. 1947ರ ಕೈಗಾರಿಕಾ ವಿವಾದ ಕಾಯ್ದೆಯಂತೂ ಸಂಧಾನಾಧಿಕಾರಿಯ ಮುಂದೆ ವಕೀಲರಿಗೆ ಪ್ರವೇಶವನ್ನೇ ಕೊಟ್ಟಿರಲಿಲ್ಲ. ಇಲ್ಲಿ ಬೇಕಾದುದು ತಾಳ್ಮೆಯ ಓದು ಮತ್ತು ಸ್ಪಷ್ಟ ಬರವಣಿಗೆ.

ದಾರಿ ಹೀಗಿದೆ. ಪಿಯುಸಿ ನಂತರ ಐದು ವರ್ಷದ ಅಥವಾ ಪದವಿಯ ನಂತರ ಮೂರು ವರ್ಷದ ಕಾನೂನು ಶಿಕ್ಷಣ. ಬಳಿಕ ವಕೀಲರ ಪರಿಷತ್ತಿನಲ್ಲಿ ನೋಂದಣಿ, ಅಖಿಲ ಭಾರತ ವಕೀಲರ ಪರೀಕ್ಷೆ. ರಾಷ್ಟ್ರೀಯ ಕಾನೂನು ಶಾಲೆ ಸೇರಲು ಕ್ಲ್ಯಾಟ್ ಪರೀಕ್ಷೆ ಇದೆ. ಆದರೆ ಅಲ್ಲಿ ಸೀಟು ಸಿಗದಿದ್ದರೆ ಬಾಗಿಲು ಮುಚ್ಚಿತೆಂದು ತಿಳಿಯಬೇಡಿ. ಓದುತ್ತಿರುವಾಗಲೇ ಇಂಟರ್ನ್‌ಶಿಪ್ ಮಾಡಿ. ಒಮ್ಮೆ ಕಾರ್ಮಿಕ ನ್ಯಾಯಾಲಯದ ವಕೀಲರೊಬ್ಬರ ಕಚೇರಿಯಲ್ಲಿ, ಒಮ್ಮೆ ಫರ್ಮ್‌ನಲ್ಲಿ. ಕಾರ್ಖಾನೆಯ ಸ್ಥಾಯಿ ಆದೇಶಗಳನ್ನು ಕಣ್ಣಾರೆ ಓದಿದ ವಿದ್ಯಾರ್ಥಿಗೆ ಸಂದರ್ಶನದಲ್ಲಿ ಹೇಳಲು ವಿಷಯ ಇರುತ್ತದೆ. ನಿಮ್ಮ ಕನ್ನಡ, ಉರ್ದು, ಬ್ಯಾರಿ ಭಾಷೆಗಳನ್ನು ಕೀಳೆಂದು ಭಾವಿಸಬೇಡಿ. ಸಾಕ್ಷಿ ಹೇಳುವ ಕಾರ್ಮಿಕನ ಮಾತನ್ನು ಅವನದೇ ಭಾಷೆಯಲ್ಲಿ ಕೇಳಬಲ್ಲವನು ಫರ್ಮ್‌ಗೆ ಆಸ್ತಿ. ಇಂಗ್ಲಿಷನ್ನು ಮಾತ್ರ ಬಿಡದೆ ಅಭ್ಯಾಸ ಮಾಡಿ.

ಕಳೆದ ವರ್ಷ ಒಬ್ಬ ವಿದ್ಯಾರ್ಥಿನಿ ನನ್ನನ್ನು ಕೇಳಿದಳು: "ಸರ್, ದೊಡ್ಡ ಫರ್ಮ್‌ಗೆ ಹಣ ಕೊಡುವುದು ಕಂಪನಿ. ನಾವು ಕಂಪನಿಯ ಪರ ನಿಂತರೆ ನಮ್ಮ ತಾಯಂದಿರಿಗೆ ದ್ರೋಹ ಮಾಡಿದಂತಲ್ಲವೇ?"

ಇದು ಹಗುರವಾದ ಪ್ರಶ್ನೆಯಲ್ಲ. ಉತ್ತರವಾಗಿ ನನ್ನದೇ ಒಂದು ತಪ್ಪನ್ನು ಹೇಳುತ್ತೇನೆ. ವೃತ್ತಿಯ ಮೊದಲ ವರ್ಷಗಳಲ್ಲಿ ಕಂಪನಿಯೊಂದು ತೆಗೆದುಹಾಕಲಿದ್ದ ನೌಕರರ ಪಟ್ಟಿ ನನ್ನ ಮೇಜಿಗೆ ಬಂತು. ಅದರಲ್ಲಿ ಒಬ್ಬರ ಸೇವೆ ನಾಲ್ಕು ವರ್ಷ ಹತ್ತು ತಿಂಗಳು. ಗ್ರಾಚ್ಯುಟಿಗೆ ಆಗ ಐದು ವರ್ಷ ಬೇಕಿತ್ತು. ಐದನೆಯ ವರ್ಷದಲ್ಲಿ 240 ದಿನ ದುಡಿದರೆ ಸಾಕೆಂಬ ಮದ್ರಾಸ್ ಹೈಕೋರ್ಟಿನ ತೀರ್ಪನ್ನು ನಾನು ಓದಿದ್ದೆ. ಆದರೂ ಕಕ್ಷಿದಾರರಿಗೆ ಬೇಸರವಾದೀತೆಂದು ಸುಮ್ಮನಿದ್ದೆ. ಪಟ್ಟಿ ನೋಡಿದ ನನ್ನ ಹಿರಿಯರು ಕೇಳಿದರು, "ಇದನ್ನು ನೀನು ಗಮನಿಸಲಿಲ್ಲವೇ?" ಗಮನಿಸಿದ್ದೆ ಎಂದೆ. ಅವರು ಬೈಯಲಿಲ್ಲ. "ಹಾಗಾದರೆ ನಿನಗೆ ಸಂಬಳ ಯಾತಕ್ಕೆ?" ಎಂದರು ಅಷ್ಟೆ. ನಾವು ಕಂಪನಿಗೆ ಬರೆದೆವು. ಕಂಪನಿ ಆ ನೌಕರರಿಗೆ ಹಣ ಕೊಟ್ಟಿತು, ನಮ್ಮನ್ನು ಬಿಟ್ಟೂ ಹೋಗಲಿಲ್ಲ.

ಸುಳ್ಳು ಹೇಳುವುದು ಯಾವ ಪಕ್ಷದಲ್ಲಿದ್ದರೂ ದ್ರೋಹವೇ. ಮಾಲಕನಿಗೆ ಕಹಿಯಾದ ಸತ್ಯವನ್ನು ಮೊದಲೇ ಹೇಳುವ ವಕೀಲ ಅವನನ್ನೂ ದಾವೆಯಿಂದ ಉಳಿಸುತ್ತಾನೆ, ಕಾರ್ಮಿಕನನ್ನೂ ಅಲೆದಾಟದಿಂದ ಉಳಿಸುತ್ತಾನೆ. ಕಕ್ಷಿದಾರನ ಕಾಗದ ನಮ್ಮ ಕೈಯಲ್ಲಿರುವ ಅಮಾನತ್ತು. ಸರಿಯಾದ ಸಲಹೆಯೂ ಅಮಾನತ್ತೇ. ಅಷ್ಟು ಹೇಳುವ ಸ್ವಾತಂತ್ರ್ಯವಿಲ್ಲದ ಕಡೆ ನೀವಿರಬೇಡಿ. ಕಾರ್ಮಿಕರ ಪರವಾಗಿಯೇ ವಾದಿಸುವೆನೆನ್ನುವವರಿಗೆ ಅದೂ ಗೌರವದ ದಾರಿಯೇ.

ಕೆಲಸಗಾರನ ಬೆವರು ಆರುವ ಮುನ್ನ ಕೂಲಿ ಸಲ್ಲಬೇಕೆಂದು ಪ್ರವಾದಿವರ್ಯರು(ಸ) ಕಲಿಸಿದ್ದನ್ನು ನೀವು ಮದ್ರಸದಲ್ಲೇ ಕೇಳಿದ್ದೀರಿ. ಕೆಲಸ ಬಿಟ್ಟವನಿಗೂ ತೆಗೆಯಲ್ಪಟ್ಟವನಿಗೂ ಬಾಕಿ ವೇತನವನ್ನು ಎರಡು ಕೆಲಸದ ದಿನಗಳೊಳಗೆ ಕೊಡಬೇಕೆಂದು ಇಂದಿನ ವೇತನ ಸಂಹಿತೆ ಹೇಳುತ್ತದೆ. ಆ ಎರಡು ದಿನಗಳನ್ನು ಕಂಪನಿಗೆ ನೆನಪಿಸುವ ಪತ್ರ ಬರೆಯುವವರು ನೀವಾಗಿರಿ.

ನಮ್ಮ ಮಕ್ಕಳಿಗೆ ಅಲ್ಲಾಹನು ಜ್ಞಾನವನ್ನೂ ಸತ್ಯ ನುಡಿಯುವ ಧೈರ್ಯವನ್ನೂ ಕರುಣಿಸಲಿ. ಆಮೀನ್.