ನೋವು ಬರುವವರೆಗೆ ಕಾಯಬೇಡಿ
(ಶಾಲೆಯ ಸುವರ್ಣ ಮಹೋತ್ಸವ ಸಮಾರಂಭದಲ್ಲಿ ಹಳೆಯ ವಿದ್ಯಾರ್ಥಿಗಳ ಪರವಾಗಿ ಮಾಡಿದ ಭಾಷಣದ ಬರಹರೂಪ)



ಕಂಪ್ಯೂಟರ್ ವಿಷಯ ಮಾತಾಡಿ ಎಂದು ಸಮಿತಿಯವರು ಹೇಳಿದ್ದರು. ನಾನು ಬಾಯಿಯ ಆರೋಗ್ಯದ ಬಗ್ಗೆ ಮಾತಾಡುತ್ತೇನೆ ಎಂದಾಗ ಅವರು ನಕ್ಕರು. ನಾನು ದಂತವೈದ್ಯನಲ್ಲ, ಬಿ.ಇ. ಓದಿ ಸಾಫ್ಟ್‌ವೇರ್ ಕೆಲಸ ಮಾಡುವವನು. ಆದರೆ ನಮ್ಮ ಸೋದರಮಾವನ ಜೊತೆ ಮೂರು ವರ್ಷ ಆಸ್ಪತ್ರೆಗೆ ಓಡಾಡಿದ್ದೇನೆ. ಅಲ್ಲಿ ವೈದ್ಯರನ್ನು ಕೇಳಿ ಕೇಳಿ ತಿಳಿದುಕೊಂಡದ್ದರ ಸಾರ ಇಷ್ಟೇ: ಬಾಯಿಯ ಹೆಚ್ಚಿನ ಕಾಯಿಲೆಗಳು ಸುಲಭವಾಗಿ ವಾಸಿಯಾಗುವ ಹಂತದಲ್ಲಿ ನೋಯುವುದಿಲ್ಲ. ನೋಯಲು ಶುರುವಾದಾಗ ಸುಲಭದ ಕಾಲ ಕಳೆದಿರುತ್ತದೆ. ನಾವಾದರೋ ನೋವು ಬಂದರೆ ಮಾತ್ರ ಡಾಕ್ಟರ ಹತ್ತಿರ ಹೋಗುವವರು.

ಮೊದಲು ಹುಳುಕು ಹಲ್ಲು. ಹಲ್ಲಿಗೆ ಹುಳ ಬಿದ್ದಿದೆ ಎನ್ನುತ್ತೇವೆ. ಅಲ್ಲಿ ಯಾವ ಹುಳವೂ ಇಲ್ಲ. ಬಾಯಿಯಲ್ಲಿ ಸದಾ ಇರುವ ಬ್ಯಾಕ್ಟೀರಿಯಾಗಳು ನಾವು ತಿಂದ ಸಕ್ಕರೆಯನ್ನು ತಾವೂ ತಿಂದು ಆಮ್ಲ ಮಾಡುತ್ತವೆ. ಆ ಆಮ್ಲ ಹಲ್ಲಿನ ಮೇಲ್ಪದರವಾದ ಎನಾಮಲ್ಲನ್ನು ಸ್ವಲ್ಪ ಸ್ವಲ್ಪವೇ ಕರಗಿಸುತ್ತದೆ. ಜೊಲ್ಲು ಆಮ್ಲವನ್ನು ತೊಳೆದು, ಕರಗಿದ ಜಾಗವನ್ನು ಮತ್ತೆ ಗಟ್ಟಿ ಮಾಡುತ್ತದೆ. ಆದರೆ ಅದಕ್ಕೆ ಅರ್ಧ ಗಂಟೆಗೂ ಹೆಚ್ಚು ಬಿಡುವು ಬೇಕು. ಆದ್ದರಿಂದ ಎಷ್ಟು ಸಿಹಿ ತಿಂದೆವು ಎನ್ನುವಷ್ಟೇ ಮುಖ್ಯ, ದಿನಕ್ಕೆ ಎಷ್ಟು ಸಲ ತಿಂದೆವು ಎನ್ನುವುದು. ಊಟದ ಜೊತೆ ಒಂದು ಹೋಳಿಗೆ ತಿಂದವನಿಗಿಂತ ಬೆಳಿಗ್ಗೆಯಿಂದ ಸಂಜೆಯವರೆಗೆ ಚಾಕೊಲೇಟು, ಬಿಸ್ಕತ್ತು, ಸಕ್ಕರೆ ಟೀ ಎಂದು ಬಾಯಾಡಿಸುವವನ ಹಲ್ಲಿಗೆ ಅಪಾಯ ಹೆಚ್ಚು.

ಎನಾಮಲ್ಲಿನಲ್ಲಿ ನರವಿಲ್ಲ. ಹುಳುಕು ಅದನ್ನು ದಾಟಿ ಒಳಗೆ ಇಳಿಯುವವರೆಗೆ ನೋವೇ ಇರುವುದಿಲ್ಲ. ಶುರುವಿನಲ್ಲಿ ಸುಣ್ಣದಂಥ ಬಿಳಿ ಮಚ್ಚೆ ಕಾಣುತ್ತದೆ. ಆ ಹಂತದಲ್ಲಿ ಫ್ಲೋರೈಡ್ ಇರುವ ಪೇಸ್ಟು ಮತ್ತು ಸಿಹಿಯ ಮೇಲಿನ ಹಿಡಿತದಿಂದಲೇ ಅದನ್ನು ತಡೆಯಬಹುದು. ಕಪ್ಪು ಗುಳಿ ಬಿದ್ದ ಮೇಲೆ ತುಂಬಿಸಬೇಕು, ನರಕ್ಕೆ ಮುಟ್ಟಿದ ಮೇಲೆ ಬೇರಿನ ಚಿಕಿತ್ಸೆ ಮಾಡಿಸಬೇಕು, ಇಲ್ಲವೇ ಕೀಳಿಸಬೇಕು.

ತಾಯಂದಿರು ಒಂದು ವಿಷಯ ಗಮನಿಸಬೇಕು. ಮಗುವಿಗೆ ಸುಮಾರು 6 ವರ್ಷವಾದಾಗ ಹಾಲುಹಲ್ಲುಗಳ ಹಿಂದೆ ಹೊಸದಾಗಿ ದವಡೆ ಹಲ್ಲು ಬರುತ್ತದೆ. ಯಾವ ಹಲ್ಲೂ ಬೀಳದೆ ಅದು ಬರುವುದರಿಂದ ಅದನ್ನೂ ಹಾಲುಹಲ್ಲೆಂದೇ ತಿಳಿಯುತ್ತೇವೆ. ಹುಳುಕಾದರೆ ಬಿದ್ದು ಬೇರೆ ಬರುತ್ತದೆ ಎಂದು ಸುಮ್ಮನಾಗುತ್ತೇವೆ. ಅದು ಶಾಶ್ವತ ಹಲ್ಲು. ಹೋದರೆ ಹೋಯಿತು.

ಬೆಳಿಗ್ಗೆ ಹಲ್ಲುಜ್ಜುವುದನ್ನು ನಾವು ಯಾರೂ ತಪ್ಪಿಸುವುದಿಲ್ಲ. ಅದಕ್ಕಿಂತ ಮುಖ್ಯವಾದದ್ದು ರಾತ್ರಿ ಮಲಗುವ ಮುಂಚೆ ಉಜ್ಜುವುದು. ನಿದ್ದೆಯಲ್ಲಿ ಜೊಲ್ಲು ಕಡಿಮೆಯಾಗುತ್ತದೆ, ಹಲ್ಲಿನ ಕಾವಲುಗಾರ ಆಗ ಇರುವುದಿಲ್ಲ. 3ರಿಂದ 6 ವರ್ಷದ ಮಕ್ಕಳಿಗೆ ಬಟಾಣಿ ಕಾಳಿನಷ್ಟು ಪೇಸ್ಟು ಸಾಕು, ದೊಡ್ಡವರು ನಿಂತು ಉಜ್ಜಿಸಬೇಕು. ಬೂದಿ, ಇದ್ದಿಲು, ಇಟ್ಟಿಗೆ ಪುಡಿ ಬೇಡ. ಅವು ಹಲ್ಲನ್ನೇ ಸವೆಸುತ್ತವೆ.

ಎರಡನೆಯದು ವಸಡು. ಹಲ್ಲುಜ್ಜುವಾಗ ರಕ್ತ ಬಂದರೆ ಆ ಕಡೆ ಬ್ರಷ್ ಹಾಕುವುದನ್ನೇ ಬಿಡುತ್ತೇವೆ. ಅದರಿಂದ ಕೊಳೆ ಇನ್ನೂ ಕೂರುತ್ತದೆ. ಗಟ್ಟಿಮುಟ್ಟಾದ ವಸಡಿನಿಂದ ರಕ್ತ ಬರುವುದಿಲ್ಲ. ರಕ್ತ ಬಂದರೆ ಅಲ್ಲಿ ಕೊಳೆ ನಿಂತಿದೆ ಎಂದು ಅರ್ಥ. ಮೃದುವಾದ ಬ್ರಷ್ಷಿನಿಂದ ಅಲ್ಲಿಯೇ ನಿಧಾನವಾಗಿ ಉಜ್ಜಬೇಕು. ಕೊಳೆ ಕಲ್ಲಿನಂತೆ ಗಟ್ಟಿಯಾಗಿದ್ದರೆ ಬ್ರಷ್ಷಿಗೆ ಬರುವುದಿಲ್ಲ, ಡಾಕ್ಟರ ಹತ್ತಿರ ತೆಗೆಸಬೇಕು. ಕ್ಲೀನ್ ಮಾಡಿಸಿದರೆ ಹಲ್ಲು ಸಡಿಲವಾಗುತ್ತದೆ ಎನ್ನುವುದು ನಿಜವಲ್ಲ. ಸಡಿಲ ಮಾಡುವುದು ಆ ಕೊಳೆ, ತೆಗೆಸಿದ್ದಲ್ಲ. ಸಕ್ಕರೆ ಕಾಯಿಲೆ ಇರುವವರು ಇನ್ನೂ ಎಚ್ಚರವಾಗಿರಬೇಕು. ಸಕ್ಕರೆ ಏರಿದರೆ ವಸಡು ಕೆಡುತ್ತದೆ, ವಸಡು ಕೆಟ್ಟರೆ ಸಕ್ಕರೆ ಹತೋಟಿಗೆ ಬರುವುದು ಕಷ್ಟವಾಗುತ್ತದೆ.

ಮೂರನೆಯದನ್ನು ಈ ಊರಿನಲ್ಲಿ ನಿಂತು ಹೇಳುವುದು ಸ್ವಲ್ಪ ಕಷ್ಟ. ನಮ್ಮದು ಚನ್ನಗಿರಿ ಸೀಮೆ. ಇಲ್ಲಿ ಅಡಿಕೆ ಎಂದರೆ ಅನ್ನ. ನನ್ನ ಬಿ.ಇ. ಫೀಸು ಕಟ್ಟಿದ್ದೂ ರಾಶಿ ಅಡಿಕೆ ಮಾರಿದ ದುಡ್ಡಿನಿಂದಲೇ. ತೋಟ ಕಡಿಯಿರಿ ಎಂದು ಹೇಳಲು ನಾನು ಬಂದಿಲ್ಲ. ಆದರೆ ಬೆಳೆಯುವುದು ಬೇರೆ, ಹೊತ್ತೊತ್ತಿಗೂ ದವಡೆಯಲ್ಲಿಟ್ಟುಕೊಳ್ಳುವುದು ಬೇರೆ.

ನಮ್ಮ ಮಾವ ಬೀಡಿ ಸೇದಿದವರಲ್ಲ, ಕುಡಿದವರಲ್ಲ. ಪಾನ್ ಮಸಾಲ ಮಾತ್ರ ಬಾಯಲ್ಲಿ ಇರುತ್ತಿತ್ತು. ಮೊದಲು ಸಾರಿನ ಖಾರ ತಡೆಯಲಾಗುತ್ತಿಲ್ಲ ಎಂದರು. ಉಷ್ಣವಾಗಿದೆ ಎಂದು ಮನೆಯಲ್ಲಿ ಮಜ್ಜಿಗೆ ಕೊಟ್ಟರು. ಆಮೇಲೆ ಮುದ್ದೆಯ ತುತ್ತು ವರ್ಷದಿಂದ ವರ್ಷಕ್ಕೆ ಚಿಕ್ಕದಾಗುತ್ತಾ ಬಂತು. ಯಾರೂ ಗಮನಿಸಲಿಲ್ಲ, ಏಕೆಂದರೆ ನೋವಿರಲಿಲ್ಲ. ಆಸ್ಪತ್ರೆಗೆ ಹೋಗುವ ಹೊತ್ತಿಗೆ ಬಾಯಿ ಎರಡು ಬೆರಳಿನಷ್ಟು ಮಾತ್ರ ತೆರೆಯುತ್ತಿತ್ತು. ಅಡಿಕೆಯ ಅಂಶದಿಂದ ಕೆನ್ನೆಯ ಒಳಗಿನ ಚರ್ಮ ನಾರುಗಟ್ಟಿ ಬಿಗಿಯುವ ಈ ಕಾಯಿಲೆಗೆ ಸಬ್‌ಮ್ಯೂಕಸ್ ಫೈಬ್ರೋಸಿಸ್ ಎನ್ನುತ್ತಾರೆ. ಕೆಲವರಲ್ಲಿ ಇದು ಮುಂದೆ ಕ್ಯಾನ್ಸರಿಗೆ ತಿರುಗುತ್ತದೆ. ಮಾವ ಮಸಾಲ ಪೂರ್ತಿ ಬಿಟ್ಟಿದ್ದಾರೆ, ಕಾಯಿಲೆ ಮುಂದುವರಿದಿಲ್ಲ. ಆದರೆ ಬಿಗಿದ ಬಾಯಿ ಮೊದಲಿನಂತೆ ಆಗಿಲ್ಲ.

ತಂಬಾಕು ಹಾಕದಿದ್ದರೆ ಏನೂ ಆಗುವುದಿಲ್ಲ ಎನ್ನುವವರಿಗೆ ಒಂದು ಮಾತು. ವಿಶ್ವ ಆರೋಗ್ಯ ಸಂಸ್ಥೆಯ ಕ್ಯಾನ್ಸರ್ ಸಂಶೋಧನಾ ಸಂಸ್ಥೆ 2004ರಲ್ಲೇ ಅಡಿಕೆಯನ್ನು, ತಂಬಾಕಿಲ್ಲದಿದ್ದರೂ, ಮನುಷ್ಯರಿಗೆ ಕ್ಯಾನ್ಸರ್ ತರುವ ವಸ್ತುಗಳ ಪಟ್ಟಿಗೆ ಸೇರಿಸಿದೆ. ತಂಬಾಕು, ಕಡ್ಡಿಪುಡಿ ಸೇರಿದರೆ ಅಪಾಯ ಇನ್ನೂ ಹೆಚ್ಚು. ನಮ್ಮಜ್ಜಿ ಎಂಬತ್ತು ವರ್ಷ ಎಲೆಅಡಿಕೆ ಹಾಕಿದರು, ಏನಾಯಿತು ಎಂದು ಕೇಳಬಹುದು. ಎಲ್ಲರಿಗೂ ಕಾಯಿಲೆ ಬರುವುದಿಲ್ಲ, ನಿಜ. ಹೆಲ್ಮೆಟ್ ಇಲ್ಲದೆ ಹೋದವರೆಲ್ಲ ಬೀಳುವುದಿಲ್ಲ. ಹಾಗೆಂದು ಮಕ್ಕಳಿಗೆ ಹೆಲ್ಮೆಟ್ ಬೇಡ ಎನ್ನುತ್ತೇವೆಯೇ? ಮೇಲಾಗಿ ಅಜ್ಜಿ ಊಟದ ಮೇಲೆ ಹಾಕುತ್ತಿದ್ದ ಎಲೆಅಡಿಕೆಗೂ, ಹದಿನಾಲ್ಕು ವರ್ಷದ ಹುಡುಗ ದಿನವಿಡೀ ಬಾಯಿಗೆ ಸುರಿದುಕೊಳ್ಳುವ ಪ್ಯಾಕೆಟ್ ಪುಡಿಗೂ ವ್ಯತ್ಯಾಸವಿದೆ.

ಕರ್ನಾಟಕದಲ್ಲಿ 2013ರಲ್ಲಿ ಗುಟ್ಕಾ ನಿಷೇಧವಾಯಿತು. ಆಮೇಲೆ ಪಾನ್ ಮಸಾಲ ಒಂದು ಪ್ಯಾಕೆಟ್ಟಿನಲ್ಲಿ, ತಂಬಾಕು ಇನ್ನೊಂದರಲ್ಲಿ ಬಂತು. ಎರಡನ್ನೂ ಅಂಗೈಯಲ್ಲಿ ಬೆರೆಸಿದರೆ ಅದೇ ಗುಟ್ಕಾ. 2003ರ ಕೇಂದ್ರ ಕಾಯ್ದೆ ಶಾಲೆಯ ನೂರು ಗಜದೊಳಗೆ ತಂಬಾಕು ಮಾರಬಾರದು ಎನ್ನುತ್ತದೆ. ತಂಬಾಕಿಲ್ಲದ ಮಸಾಲೆಗೆ ಈ ಕಾಯ್ದೆ ಅನ್ವಯಿಸುವುದಿಲ್ಲ. ಕಾನೂನು ಮುಟ್ಟದ ಜಾಗವನ್ನು ಊರು ಮುಟ್ಟಬೇಕು.

ಬಾಯಿಯನ್ನು ನೋಡಿಕೊಳ್ಳುವುದು ಹೇಗೆ? ತಿಂಗಳಿಗೊಮ್ಮೆ ಕನ್ನಡಿಯ ಮುಂದೆ ಮೊಬೈಲ್ ಟಾರ್ಚ್ ಹಿಡಿದು ತುಟಿಯ ಒಳಭಾಗ, ಎರಡೂ ಕೆನ್ನೆ, ವಸಡು, ನಾಲಿಗೆಯ ಅಂಚು, ನಾಲಿಗೆಯ ಕೆಳಗೆ, ಅಂಗಳ, ಇಷ್ಟನ್ನು ನೋಡಿ. ಎರಡು ವಾರವಾದರೂ ಮಾಯದ ಹುಣ್ಣು, ಬಿಳಿ ಅಥವಾ ಕೆಂಪು ಮಚ್ಚೆ, ಗಂಟು, ಖಾರ ತಿಂದರೆ ಉರಿ, ಇವುಗಳಲ್ಲಿ ಯಾವುದಿದ್ದರೂ ತಡ ಮಾಡಬೇಡಿ. ನಿಮ್ಮ ಮೂರು ಬೆರಳನ್ನು ಒಂದರ ಮೇಲೊಂದಿಟ್ಟು ಬಾಯಿಗೆ ಹಿಡಿಸಿ ನೋಡಿ. ಹಿಡಿಸದಿದ್ದರೂ ಡಾಕ್ಟರಿಗೆ ತೋರಿಸಿ. ದಾವಣಗೆರೆಯಲ್ಲಿ ದಂತವೈದ್ಯಕೀಯ ಕಾಲೇಜುಗಳಿವೆ, ಹೋಗಿಬರಲು ಒಂದು ದಿನ ಸಾಕು. ತಂಬಾಕು ಬಿಡಬೇಕೆನ್ನುವವರಿಗೆ 1800 112 356 ಎಂಬ ಉಚಿತ ಸಹಾಯವಾಣಿ ಇದೆ. ಬೈದು ಬಿಡಿಸಲು ಆಗುವುದಿಲ್ಲ. ಅದು ಚಟ, ಬಿಡಲು ಸಹಾಯ ಬೇಕು.

ಕೊನೆಯದಾಗಿ ಎರಡು ಬೇಡಿಕೆ. ಒಂದು, ವರ್ಷಕ್ಕೊಮ್ಮೆ ಈ ಶಾಲೆಯ ಪ್ರತಿ ಮಗುವಿನ ಬಾಯಿಯನ್ನು ದಂತವೈದ್ಯರು ನೋಡುವಂತೆ ಶಿಬಿರ ಮಾಡೋಣ. ಓಡಾಟ, ಖರ್ಚು ಹಳೆಯ ವಿದ್ಯಾರ್ಥಿಗಳು ಹಂಚಿಕೊಳ್ಳೋಣ, ನನ್ನ ಪಾಲು ಮೊದಲು ಬರೆದುಕೊಳ್ಳಿ. ಎರಡು, ಶಾಲೆಯ ದಾರಿಯಲ್ಲಿ ಅಂಗಡಿ ಇಟ್ಟಿರುವ ಅಣ್ಣಂದಿರೇ, ಅಕ್ಕಂದಿರೇ, ನೀವೂ ಇದೇ ಶಾಲೆಯಲ್ಲಿ ಓದಿದವರು. ಅಂಗಡಿ ಮುಂದೆ ತೋರಣದಂತೆ ತೂಗುವ ಆ ಪ್ಯಾಕೆಟ್ ಸರಗಳನ್ನು ದಯವಿಟ್ಟು ಇಳಿಸಿ. ನಿಮ್ಮ ವ್ಯಾಪಾರಕ್ಕೆ ನಷ್ಟವೆಂದು ನನಗೆ ಗೊತ್ತು, ಅದಕ್ಕೇ ಆಜ್ಞೆಯೆಂದು ಹೇಳದೆ ಕೈಮುಗಿದು ಕೇಳುತ್ತಿದ್ದೇನೆ.