ಫೋರ್ ವೀಲ್ ಬೇಕಾ, ಬೇಡ್ವಾ? ಚಿಕ್ಕಪ್ಪನಿಗೆ ನಾನು ಹಾಕಿಕೊಟ್ಟ ತಪ್ಪು ಲೆಕ್ಕ

(ಪಾಡ್‌ಕಾಸ್ಟ್ ಸಂಚಿಕೆಯ ಬರಹ ರೂಪ)

ಹೊಸ ಗಾಡಿ ಬುಕ್ ಮಾಡ್ತಿದೀವಿ, ಫೋರ್ ಬೈ ಫೋರ್ ತಗೊಳ್ಳಬೇಕಾ, ಟೂ ವೀಲ್ ಡ್ರೈವ್ ಸಾಕಾ ಅಂತ ತುಂಬಾ ಜನ ಕೇಳ್ತಿದ್ದೀರಿ. ಅದರಲ್ಲೂ ಮಲೆನಾಡಿನ ಕಡೆಯವರು. ಇವತ್ತು ಅದರ ಬಗ್ಗೆ ಮಾತಾಡೋಣ. ನಾನು ಓದಿದ್ದು ಬಿಕಾಂ, ಮೆಕ್ಯಾನಿಕ್ ಅಲ್ಲ. ಆದರೆ ಈ ವಿಷಯದಲ್ಲಿ ಒಂದು ತಪ್ಪು ಲೆಕ್ಕ ಹಾಕಿ, ಅದರ ಫಲ ಮನೆಯವರು ಅನುಭವಿಸೋದನ್ನ ಕಣ್ಣಾರೆ ನೋಡಿದೀನಿ. ಅದರಿಂದಲೇ ಶುರು ಮಾಡ್ತೀನಿ.

ನಮ್ಮ ಚಿಕ್ಕಪ್ಪನ ತೋಟ ಇರೋದು ಮೂಡಿಗೆರೆ ಕಡೆ. ಟಾರ್ ರಸ್ತೆಯಿಂದ ಮನೆಗೆ ಒಂದೂವರೆ ಕಿಲೋಮೀಟರ್ ಮಣ್ಣಿನ ಇಳಿಜಾರು, ಮಧ್ಯೆ ಎರಡು ತಿರುವು. ಬೇಸಿಗೆಯಲ್ಲಿ ಯಾವ ಕಾರಾದ್ರೂ ಹೋಗತ್ತೆ. ಎರಡು ವರ್ಷದ ಹಿಂದೆ ಅವರು ಗಾಡಿ ತಗೊಳ್ಳೋವಾಗ, "ನೀನು ಲೆಕ್ಕ ಓದಿದವನು, ಯಾವುದು ತಗೊಳ್ಳಲಿ ಹೇಳು ಮಾರಾಯ" ಅಂದ್ರು. ನಾನು ಲ್ಯಾಪ್‌ಟಾಪ್ ತೆಗೆದು ಶೀಟ್ ಮಾಡಿದೆ. ನಮಗೆ ಸಿಕ್ಕಿದ್ದ ಕೊಟೇಶನ್ನಿನಲ್ಲಿ ಹಿಂದಿನ ಚಕ್ರ ಮಾತ್ರ ತಿರುಗೋ ಗಾಡಿಗೂ ಫೋರ್ ಬೈ ಫೋರ್‌ಗೂ ಒಂದೂವರೆ ಲಕ್ಷದ ವ್ಯತ್ಯಾಸ. ನಮ್ಮ ರಾಜ್ಯದಲ್ಲಿ 10ರಿಂದ 20 ಲಕ್ಷದೊಳಗಿನ ಗಾಡಿಗೆ ಜೀವಾವಧಿ ತೆರಿಗೆ ಶೇ 17. ಅಲ್ಲಿಗೆ ಇನ್ನೂ 25,500 ಸೇರಿತು. ಒಟ್ಟು 1,75,500 ರೂಪಾಯಿ. ಸೆಸ್ಸು, ಸಾಲದ ಬಡ್ಡಿ ಬೇರೆ.

ಆಮೇಲೆ ಕೇಳಿದೆ, "ಫೋರ್ ವೀಲ್ ಇಲ್ಲದೆ ಆಗೋದೇ ಇಲ್ಲ ಅನ್ನೋ ದಿನ ವರ್ಷಕ್ಕೆ ಎಷ್ಟು?" ಚಿಕ್ಕಪ್ಪ ಯೋಚನೆ ಮಾಡಿ, "ಹತ್ತು ದಿನ ಇರಬಹುದು" ಅಂದ್ರು. ಏಳು ವರ್ಷ ಇಟ್ಕೊಂಡ್ರೆ 70 ದಿನ. ಭಾಗಿಸಿದ್ರೆ ದಿನಕ್ಕೆ 2,500 ರೂಪಾಯಿ. "ಬಾಡಿಗೆ ಜೀಪೇ ಅಗ್ಗ ಚಿಕ್ಕಪ್ಪ, ಟೂ ವೀಲ್ ತಗೊಳ್ಳಿ" ಅಂದೆ. ಅವರು ನಂಬಿದ್ರು.

ಮರು ವರ್ಷ ಪುನರ್ವಸು ಮಳೆ. ಮೂರು ದಿನದಿಂದ ಬಿಟ್ಟೂಬಿಡದೆ ಸುರೀತಿತ್ತು. ರಾತ್ರಿ ಎರಡು ಗಂಟೆಗೆ ಚಿಕ್ಕಮ್ಮನಿಗೆ ಉಸಿರಾಟದ ತೊಂದರೆ ಜೋರಾಯ್ತು. ಗಾಡಿ ಮೊದಲ ತಿರುವು ಹತ್ತಿತು. ಎರಡನೇ ತಿರುವಿನಲ್ಲಿ ಹಿಂದಿನ ಚಕ್ರ ಸುತ್ತೋಕೆ ಶುರುವಾಗಿ, ಗಾಡಿಯ ಹಿಂಭಾಗ ಜಾರಿ ಚರಂಡಿಗೆ ಇಳೀತು. ಚಿಕ್ಕಪ್ಪ ಆ ಮಳೇಲಿ ಟಾರ್ಚ್ ಹಿಡ್ಕೊಂಡು ಪಕ್ಕದ ತೋಟದವರನ್ನ ಎಬ್ಬಿಸಿ, ಅವರ ಹಳೇ ಜೀಪಿನಲ್ಲಿ ಕರ್ಕೊಂಡು ಹೋದ್ರು. ಮುಕ್ಕಾಲು ಗಂಟೆ ತಡ ಆಯ್ತು. ಚಿಕ್ಕಮ್ಮ ಈಗ ಚೆನ್ನಾಗಿದಾರೆ. ಆದ್ರೆ ನನ್ನ ಶೀಟಿನಲ್ಲಿ ಆ ಮುಕ್ಕಾಲು ಗಂಟೆಗೆ ಕಾಲಮ್ಮೇ ಇರಲಿಲ್ಲ. ಬಾಡಿಗೆ ಜೀಪು ಹಗಲು ಹೊತ್ತು ಅಗ್ಗ. ರಾತ್ರಿ ಎರಡು ಗಂಟೆಗೆ ಯಾವ ರೇಟಿಗೂ ಬರಲ್ಲ.

ಸರಿ, ಈಗ ವಿಷಯಕ್ಕೆ ಬರೋಣ. ಗಾಡಿ ಯಾಕೆ ಸಿಕ್ಕಿಹಾಕ್ಕೊಳ್ಳತ್ತೆ? ಎರಡು ಹಿಂದಿನ ಚಕ್ರದ ಮಧ್ಯೆ ಡಿಫರೆನ್ಷಿಯಲ್ ಇರತ್ತೆ. ತಿರುವಿನಲ್ಲಿ ಹೊರಗಿನ ಚಕ್ರ ಜಾಸ್ತಿ ದೂರ ಓಡಬೇಕಲ್ಲ, ಅದಕ್ಕೆ ಅದು ಬೇಕೇ ಬೇಕು. ಆದ್ರೆ ಒಂದು ಚಕ್ರಕ್ಕೆ ಹಿಡಿತ ತಪ್ಪಿದ್ರೆ, ಅದು ಸುಮ್ನೆ ಗಿರಗಿರ ಸುತ್ತತ್ತೆ. ಗಟ್ಟಿ ನೆಲದ ಮೇಲಿರೋ ಚಕ್ರಕ್ಕೂ ಅಷ್ಟೇ ಕಡಿಮೆ ಬಲ ಹೋಗತ್ತೆ. ಗಾಡಿ ನಿಂತಲ್ಲೇ ನಿಲ್ಲತ್ತೆ.

ಇದಕ್ಕೆ ಮೂರು ಹಂತದ ಪರಿಹಾರ ಇದೆ. ಮೊದಲನೇದು ಫೋರ್ ವೀಲ್ ಡ್ರೈವ್, ಅಂದ್ರೆ ಮುಂದಿನ ಚಕ್ರಕ್ಕೂ ಬಲ ಕೊಡೋದು. ಎರಡನೇದು ಲೋ ಗೇರ್. ಹತ್ತೋಕೆ ಮಾತ್ರ ಅಲ್ಲ, ಇಳಿಯೋಕೆ ಇದು ಇನ್ನೂ ಮುಖ್ಯ. ಜಾರು ಇಳಿಜಾರಿನಲ್ಲಿ ಬ್ರೇಕ್ ಒತ್ತಿದ್ರೆ ಚಕ್ರ ಹಿಡಿದು ಗಾಡಿ ಜಾರತ್ತೆ. ಲೋನಲ್ಲಿ ಇಂಜಿನ್ನೇ ಗಾಡಿಯನ್ನ ಹಿಡಿದುಕೊಂಡು ಮೆಲ್ಲಗೆ ಇಳಿಸತ್ತೆ. ಆಲ್ ವೀಲ್ ಡ್ರೈವ್ ಅಂತ ಬರೋ ಎಷ್ಟೋ ಎಸ್‌ಯುವಿಗಳಲ್ಲಿ ಈ ಲೋ ಇರಲ್ಲ. ಹೆಸರು ನೋಡಿ ಮೋಸ ಹೋಗಬೇಡಿ, ಬುಕ್ ಮಾಡೋ ಮುಂಚೆ ಕೇಳಿ.

ಮೂರನೇದು ಡಿಫ್ ಲಾಕ್. ಟ್ರ್ಯಾಕ್ಟರ್ ಓಡಿಸಿದವರಿಗೆ ಗೊತ್ತು, ಗದ್ದೆಯಲ್ಲಿ ಒಂದು ಚಕ್ರ ಹೂತರೆ ಕಾಲಲ್ಲಿ ಒಂದು ಪೆಡಲ್ ಒತ್ತುತ್ತೀವಲ್ಲ, ಅದೇ. ಎರಡೂ ಚಕ್ರ ಒಂದೇ ವೇಗದಲ್ಲಿ ತಿರುಗತ್ತೆ. ಕಾರುಗಳಲ್ಲಿ ಇದು ಮೂರು ರೂಪದಲ್ಲಿ ಸಿಗತ್ತೆ. ಒಂದು, ಸುತ್ತೋ ಚಕ್ರಕ್ಕೆ ಬ್ರೇಕ್ ಹಾಕಿ ಬಲವನ್ನ ಇನ್ನೊಂದು ಕಡೆ ಕಳಿಸೋದು. ಇದು ನಿಜವಾದ ಲಾಕ್ ಅಲ್ಲ, ಆದ್ರೆ ಕೆಲಸಕ್ಕೆ ಬರತ್ತೆ. ಮಾರುತಿ ಜಿಮ್ನಿಯಲ್ಲಿರೋದು ಇದು. ಎರಡು, ಚಕ್ರ ಸ್ವಲ್ಪ ಸುತ್ತಿದ ಮೇಲೆ ತಾನಾಗೇ ಬೀಳೋ ಮೆಕ್ಯಾನಿಕಲ್ ಲಾಕ್. 2020ರಲ್ಲಿ ಬಂದ ಮಹೀಂದ್ರಾ ಥಾರ್‌ನ ಕೆಲವು ವೇರಿಯಂಟ್‌ಗಳಲ್ಲಿ ಇದು ಬಂತು. ಮೂರು, ನಾವೇ ಹಾಕೋ ಲಾಕ್. ಫೋರ್ಸ್ ಗೂರ್ಖಾದಲ್ಲಿ ಮುಂದೂ ಇದೆ, ಹಿಂದೂ ಇದೆ. 2024ರ ಥಾರ್ ರಾಕ್ಸ್‌ನ ಫೋರ್ ಬೈ ಫೋರ್‌ನಲ್ಲಿ ಹಿಂದಿನದಕ್ಕೆ ಎಲೆಕ್ಟ್ರಾನಿಕ್ ಲಾಕ್ ಇದೆ.

ಹಾಗಾದ್ರೆ ಲಾಕ್ ಬೇಕಾ? ನಿಮ್ಮ ದಾರಿ ನೋಡಿ. ಬರೀ ಕೆಸರು, ಜಾರು ಆದ್ರೆ ಫೋರ್ ವೀಲ್, ಲೋ ಗೇರ್, ಒಳ್ಳೆ ಟೈರು, ಬ್ರೇಕ್ ಲಾಕ್ ಸಾಕಾಗತ್ತೆ. ದೊಡ್ಡ ಗುಂಡಿ, ಬಂಡೆ ಇದ್ದು, ಮುಂದಿನ ಒಂದು ಚಕ್ರ ಮತ್ತು ಎದುರು ಮೂಲೆಯ ಹಿಂದಿನ ಚಕ್ರ ಒಟ್ಟಿಗೆ ಗಾಳಿಯಲ್ಲಿ ನಿಲ್ಲೋ ಜಾಗ ಆದ್ರೆ ನಿಜವಾದ ಲಾಕ್ ಬೇಕು.

ಈಗ ಲೆಕ್ಕದ ಮಾತು. ಆಯ್ಕೆಗಳನ್ನ ಎರಡು ಪಟ್ಟಿ ಮಾಡಿ. ಆಮೇಲೆ ಹಾಕಿಸಬಹುದಾದ್ದು, ಆಮೇಲೆ ಆಗದೇ ಇರೋದು. ಟೈರು, ಸೀಟ್ ಕವರ್, ಸ್ಪೀಕರ್, ಕ್ಯಾಮೆರಾ, ಇವೆಲ್ಲ ಮುಂದಿನ ವರ್ಷವೂ ಸಿಗತ್ತೆ. ಟೂ ವೀಲ್ ಗಾಡಿಯನ್ನ ಫೋರ್ ವೀಲ್ ಮಾಡೋದು ಮಾತ್ರ ಲೆಕ್ಕಕ್ಕೇ ಬರಲ್ಲ. ಟ್ರಾನ್ಸ್‌ಫರ್ ಕೇಸ್, ಮುಂದಿನ ಆಕ್ಸಲ್, ಶಾಫ್ಟ್, ಎಲ್ಲಾ ಬೇರೆ ಬೇಕು, ವಾರಂಟಿನೂ ಹೋಗತ್ತೆ. ಹಾಗಾಗಿ ಫ್ಯಾಕ್ಟರಿಯಲ್ಲಿ ಮಾತ್ರ ಸಿಗೋದಕ್ಕೆ ಮೊದಲ ದುಡ್ಡು. ಉಳಿದಿದ್ದು ಆಮೇಲೆ.

ಶೋರೂಮಿನಲ್ಲಿ ಇದು ತಲೆಕೆಳಗಾಗತ್ತೆ. ಟೂ ವೀಲ್ ಗಾಡಿ ಸ್ಟಾಕ್‌ನಲ್ಲಿ ಇರತ್ತೆ, ಬೇಗ ಸಿಗತ್ತೆ, ಅದೇ ದುಡ್ಡಿಗೆ ಸನ್‌ರೂಫ್ ಇರೋ ವೇರಿಯಂಟ್ ತೋರಿಸ್ತಾರೆ. "ನಿಮಗ್ಯಾಕೆ ಸರ್ ಫೋರ್ ಬೈ ಫೋರ್" ಅಂತಾರೆ. ನಿಮ್ಮ ಮನೆ ದಾರಿ ಅವರು ನೋಡಿಲ್ಲ. ಬುಕಿಂಗ್ ಫಾರಂನಲ್ಲಿ ಫೋರ್ ಬೈ ಫೋರ್ ಅಂತ ಬರೆದಿದೆಯಾ, ನೀವು ಕೇಳಿದ ಲಾಕ್ ಆ ವೇರಿಯಂಟ್‌ನಲ್ಲಿ ಇದೆಯಾ ಅಂತ ಓದಿ ಸಹಿ ಹಾಕಿ. ಕಂಪನಿಗಳು ವೇರಿಯಂಟ್ ಬದಲಾಯಿಸ್ತಾನೇ ಇರತ್ತೆ. ಇಂಜಿನ್ನೂ ನೋಡ್ಕೊಳ್ಳಿ. ರಾಕ್ಸ್ ಬಿಡುಗಡೆಯಾದಾಗ ಫೋರ್ ಬೈ ಫೋರ್ ಕೊಟ್ಟಿದ್ದು ಡೀಸೆಲ್‌ನಲ್ಲಿ ಮಾತ್ರ.

ಇನ್ನೆರಡು ಎಚ್ಚರಿಕೆ. ಫೋರ್ ವೀಲ್ ಅಂದ್ರೆ ಬ್ರೇಕ್ ಚೆನ್ನಾಗಿ ಹಿಡಿಯತ್ತೆ ಅಂತಲ್ಲ. ಒದ್ದೆ ಘಾಟಿಯಲ್ಲಿ ನಿಮ್ಮನ್ನ ನಿಲ್ಲಿಸೋದು ಟೈರು. ಮತ್ತೆ ಈ ಲಿವರ್ ಇರೋ ಗಾಡಿಗಳನ್ನ ಒಣ ಟಾರ್ ರಸ್ತೆಯಲ್ಲಿ ಫೋರ್‌ನಲ್ಲಿ ಓಡಿಸಬೇಡಿ. ಮುಂದಿನ, ಹಿಂದಿನ ಆಕ್ಸಲ್ ಒಂದಕ್ಕೊಂದು ಕಟ್ಟಿದ ಹಾಗಾಗಿ, ತಿರುವಿನಲ್ಲಿ ಬಿಗಿದು ಪಾರ್ಟ್ಸ್ ಹಾಳಾಗತ್ತೆ. ಕೆಸರು ಬರೋ ಮುಂಚೆ ಹಾಕಿ, ದಾಟಿದ ಮೇಲೆ ತೆಗೀರಿ.

ಕಳೆದ ತಿಂಗಳು ನಮ್ಮ ಮನೆಗೇ ಗಾಡಿ ಬುಕ್ ಮಾಡಿದೆ. ದಾರಿ ಇಕ್ಕಟ್ಟು, ಬಂಡೆ ಇಲ್ಲ, ಅಮ್ಮನಿಗೆ ಮಂಡಿನೋವು, ಹಿಂದಿನ ಬಾಗಿಲು ಬೇಕು. ಅದಕ್ಕೆ ಜಿಮ್ನಿ, ಅದರಲ್ಲೂ ಕೆಳಗಿನ ವೇರಿಯಂಟ್. ಫೋರ್ ಬೈ ಫೋರ್, ಲೋ ಗೇರ್ ಅದರಲ್ಲೂ ಇದೆ. ಉಳಿದ ದುಡ್ಡು ಆಲ್ ಟೆರೇನ್ ಟೈರಿಗೆ.

ಚಿಕ್ಕಪ್ಪನ ಗಾಡಿ ಸಾಲ ಇನ್ನೂ ಮೂರು ವರ್ಷ ಇದೆ, ಈಗ ಮಾರಿದ್ರೆ ನಷ್ಟ. ಟೈರು ಬದಲಾಯಿಸಿ, ಮಳೆಗಾಲದಲ್ಲಿ ಗಾಡಿಯನ್ನ ಮೇಲೆ ಟಾರ್ ರಸ್ತೆ ಬದಿಯಲ್ಲೇ ನಿಲ್ಲಿಸ್ತಾರೆ. ಫೋನ್ ಮಾಡಿ ಬುಕ್ ಮಾಡಿದ್ದು ಹೇಳಿದೆ. ಬೈತಾರೇನೋ ಅಂದ್ಕೊಂಡಿದ್ದೆ. "ಒಳ್ಳೇದಾಯ್ತು ಬಿಡು, ಮಳೆಗಾಲದಲ್ಲಿ ನಿನ್ನ ಗಾಡಿ ಇಲ್ಲಿ ಇರಲಿ" ಅಂದ್ರು. ಜೂನ್‌ನಿಂದ ಸೆಪ್ಟೆಂಬರ್ ತನಕ ಅದು ಅಲ್ಲೇ ಇರತ್ತೆ.

ನಿಮ್ಮ ದಾರಿ ಹೇಗಿದೆ, ಏನು ಬುಕ್ ಮಾಡಿದ್ರಿ, ಬರೆದು ಕಳಿಸಿ. ಮುಂದಿನ ವಾರ ಸಿಗೋಣ. ನಮಸ್ಕಾರ.